ಶಿವಪ್ಪನಾಯಕ ಅರಮನೆ ವಸ್ತುಸಂಗ್ರಹಾಲಯ: ಒಳಗೆ ದರ್ಬಾರು, ಹೊರಗೆ ಸೈನ್ಯ

ಶಿವಮೊಗ್ಗದಲ್ಲಿ ಹುಟ್ಟಿ ಬೆಳೆದವರು ಶಿವಪ್ಪನಾಯಕ ಅರಮನೆಯನ್ನು ಸಾಮಾನ್ಯವಾಗಿ ಎರಡೇ ಸಲ ನೋಡುತ್ತಾರೆ: ಶಾಲೆಯವರು ಸಾಲಾಗಿ ನಿಲ್ಲಿಸಿ ಕರೆದುಕೊಂಡು ಹೋದಾಗ ಒಮ್ಮೆ, ಊರಿಗೆ ಬಂದ ನೆಂಟರಿಗೆ ತೋರಿಸಬೇಕಾದಾಗ ಇನ್ನೊಮ್ಮೆ. ನನ್ನ ಎರಡನೆಯ ಸಲ ಕಳೆದ ಮಳೆಗಾಲದಲ್ಲಿ ಬಂತು. ಸೈನ್ಯದ ಪದಾತಿದಳದಲ್ಲಿ ಹವಾಲ್ದಾರರಾಗಿದ್ದು, ನಿವೃತ್ತಿಯ ನಂತರ ಸೊರಬದ ಕಡೆ ಅಡಿಕೆ ತೋಟ ನೋಡಿಕೊಂಡಿರುವ ನನ್ನ ಸೋದರಮಾವ ಬ್ಯಾಂಕಿನ ಕೆಲಸಕ್ಕೆಂದು ಬಂದಿದ್ದರು. ಸಂಜೆಯ ಬಸ್ಸಿಗೆ ಇನ್ನೂ ಮೂರು ತಾಸು ಇದ್ದುದರಿಂದ, ಅವರನ್ನೂ ಐದನೆಯ ತರಗತಿಯ ಮಗಳನ್ನೂ ಕರೆದುಕೊಂಡು ಅಲ್ಲಿಗೆ ಹೋದೆ.

ತುಂಗೆಯ ದಡದ ಈ ಭಾಗದಲ್ಲಿ ಕೋಟೆ ಎಂಬುದು ಈಗ ಹೆಚ್ಚಾಗಿ ಹೆಸರುಗಳಲ್ಲಿ ಉಳಿದಿದೆ. ಕೋಟೆ ರಸ್ತೆ, ಕೋಟೆ ಆಂಜನೇಯ, ಕೋಟೆ ಮಾರಿಕಾಂಬೆ ಎಂದು ದಿನಕ್ಕೆ ಹತ್ತು ಸಲ ಹೇಳುವ ನಮಗೆ ಅದು ಒಂದು ಕಾಲಕ್ಕೆ ನಿಜವಾಗಿಯೂ ಸೈನಿಕರು ಕಾಯುತ್ತಿದ್ದ ಜಾಗವೆಂಬುದು ನೆನಪಿಗೇ ಬರುವುದಿಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ ಕೊನೆಯ ವಾರದಲ್ಲಿ, ಪರಶುರಾಮ ಭಾವುವಿನ ಮರಾಠಾ ಸೇನೆಯೂ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿಯೂ ಸೇರಿ ಊರ ಹೊರಗೆ ಟಿಪ್ಪುವಿನ ಪಡೆಯನ್ನು ಸೋಲಿಸಿದವು, ಮುಂದಿನ ಜನವರಿಯ ಆರಂಭದಲ್ಲಿ ಕೋಟೆಯೂ ಅವರ ವಶವಾಯಿತು. ಇದನ್ನು ದಾರಿಯಲ್ಲಿ ಹೇಳಿದಾಗ ಮಾವ, "ಹಾಗಾದ್ರೆ ನಾವು ಈಗ ಆಟೋ ಇಳಿದ ಜಾಗ ಕೋಟೆಯ ಒಳಗೋ ಹೊರಗೋ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಟ್ಟಡದ ಹೆಸರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಭೂಮಿಯ ಗುಣ ನೋಡಿ ಕಂದಾಯ ಗೊತ್ತುಪಡಿಸಿದ 'ಶಿಸ್ತು' ಪದ್ಧತಿಯಿಂದಲೂ, ಕರಾವಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದ್ದರಿಂದಲೂ ಅವನ ಹೆಸರು ಮಲೆನಾಡಿನಲ್ಲಿ ಇಂದಿಗೂ ಗೌರವದಿಂದ ಉಳಿದಿದೆ. ಆದರೆ ಈ ಅರಮನೆ ಹದಿನೆಂಟನೆಯ ಶತಮಾನದಲ್ಲಿ, ಬಹುಶಃ ಹೈದರಾಲಿಯ ಕಾಲದಲ್ಲಿ ಎದ್ದದ್ದೆಂದು ತಿಳಿದವರು ಹೇಳುತ್ತಾರೆ. ಹೈದರನು ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದು ಅವರ ಆಳ್ವಿಕೆಯನ್ನು ಕೊನೆಗೊಳಿಸಿದ್ದು 1763ರಲ್ಲಿ. ಬೆಂಗಳೂರಿನ ಟಿಪ್ಪು ಬೇಸಿಗೆ ಅರಮನೆಯನ್ನೂ ಶ್ರೀರಂಗಪಟ್ಟಣದ ದರಿಯಾ ದೌಲತನ್ನೂ ನೋಡಿದವರಿಗೆ ಇಲ್ಲಿ ಯಾರೂ ವಿವರಿಸಬೇಕಾಗಿಲ್ಲ. ಎತ್ತರದ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಹೂವಿನ ಎಸಳುಗಳಂತೆ ಬಾಗಿ ಬಂದ ಕಮಾನುಗಳು, ಮೇಲಂತಸ್ತಿನಿಂದ ದರ್ಬಾರಿನತ್ತ ಚಾಚಿದ ಉಪ್ಪರಿಗೆಗಳು, ಎಲ್ಲವೂ ಅದೇ ಕುಲದವು. ಊರಿನವರು ಕಟ್ಟಿಸಿದವನಿಗಿಂತ ಪ್ರೀತಿಸಿದವನ ಹೆಸರನ್ನು ಇಟ್ಟುಕೊಂಡಿದ್ದಾರೆ. ನನಗೆ ಅದರಲ್ಲಿ ತಕರಾರಿಲ್ಲ.

ದರ್ಬಾರು ಸಭಾಂಗಣವನ್ನು ಅವಸರದಲ್ಲಿ ದಾಟಬಾರದು. ಬೀಟೆಯ ಮರದ ಆ ಕಂಬಗಳ ಪಕ್ಕ ನಿಂತು ಮೇಲೆ ನೋಡಿದಾಗ, ಇಷ್ಟು ಉದ್ದದ, ಇಷ್ಟು ನೇರವಾದ ಮರವನ್ನು ಯಾವ ಕಾಡಿನಿಂದ, ಎಷ್ಟು ಜೋಡಿ ಎತ್ತುಗಳಿಂದ ಎಳೆಸಿ ತಂದರೋ ಎಂಬ ಯೋಚನೆ ಮಲೆನಾಡಿನವರಿಗೆ ತಾನಾಗಿ ಬರುತ್ತದೆ. ಮಾವ ಕಂಬವನ್ನು ಕೈಯಿಂದ ಮುಟ್ಟಲು ಹೋಗಿ, ತಾವೇ ಕೈ ಹಿಂದೆ ತೆಗೆದುಕೊಂಡು, "ಈಗ ಇಂಥದ್ದು ಒಂದು ಮರ ತೋಟದಲ್ಲಿದ್ದರೂ ರಾತ್ರಿ ನಿದ್ದೆ ಬರಲ್ಲ ಮಾರಾಯ" ಎಂದರು. ಹೊರಗೆ ಮಳೆ ಸುರಿಯುತ್ತಿದ್ದರೆ ಒಳಗಿನ ಬೆಳಕು ಮಂಕಾಗಿ, ಕಮಾನಿನ ಅಂಚುಗಳು ಒಂದರ ಹಿಂದೊಂದು ಕರಗಿದಂತೆ ಕಾಣುತ್ತವೆ. ಫೋಟೋಕ್ಕೆ ಅದು ಅನುಕೂಲವಲ್ಲ, ಕಣ್ಣಿಗೆ ಬಹಳ ಚೆನ್ನು.

ಇಷ್ಟಾದರೂ ಈ ಸಂಗ್ರಹಾಲಯದ ತಿರುಳು ನನ್ನ ಪ್ರಕಾರ ಅಂಗಳದಲ್ಲಿದೆ. ಜಿಲ್ಲೆಯ ಬೇರೆ ಬೇರೆ ಊರುಗಳಿಂದ ತಂದ ಶಿಲ್ಪಗಳು, ಶಾಸನಗಳು, ವೀರಗಲ್ಲುಗಳು, ಮಾಸ್ತಿಗಲ್ಲುಗಳು ಹುಲ್ಲಿನ ಮಧ್ಯೆ ನಿಂತಿವೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಶಾಸನಗಳನ್ನು ಸಂಪಾದಿಸುವಾಗ ಈ ಒಂದು ಜಿಲ್ಲೆಗೇ ಎರಡು ಸಂಪುಟಗಳು ಬೇಕಾದವು, 1902ರಲ್ಲಿ ಒಂದು, 1904ರಲ್ಲಿ ಇನ್ನೊಂದು. ಶಿಕಾರಿಪುರ, ಸೊರಬ, ಸಾಗರದ ಹೊಲಗದ್ದೆಗಳಲ್ಲಿ ಇಂಥ ಕಲ್ಲುಗಳು ಇಂದಿಗೂ ಕಾಣಸಿಗುತ್ತವೆ. ರಾಜರ ಖಡ್ಗ, ಫಿರಂಗಿ, ಪದಕಗಳನ್ನು ನೋಡಲೆಂದು ಸೈನಿಕ ಸಂಗ್ರಹಾಲಯಗಳಿಗೆ ಹೋಗುವ ನಾವು, ಹೆಸರಿಲ್ಲದ ಕಾಲಾಳಿನ ಸ್ಮಾರಕ ನಮ್ಮದೇ ಊರಿನ ಅಂಗಳದಲ್ಲಿ ಸಾಲುಗಟ್ಟಿ ನಿಂತಿರುವುದನ್ನು ಅಲಂಕಾರದ ಕಲ್ಲೆಂದು ದಾಟಿ ಹೋಗುತ್ತೇವೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆಯಿಂದ ಹಿಡಿದು ಒಯ್ಯುವ ಚಿತ್ರ, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿರುವುದು, ತುದಿಯಲ್ಲಿ ಸೂರ್ಯಚಂದ್ರರು. ಕೆಳಗೆ ದನಗಳ ಸಾಲು ಇದ್ದರೆ ಅದು ತುರುಗೋಳು, ಅಂದರೆ ಊರಿನ ದನ ಹೊಡೆದುಕೊಂಡು ಹೋದವರನ್ನು ತಡೆದು ಮಡಿದವನ ಕಲ್ಲು. ಪಕ್ಕದ ಕಲ್ಲಿನಲ್ಲಿ ಬಳೆ ತೊಟ್ಟ ಕೈಯೊಂದು ಮೊಣಕೈ ಮಡಿಸಿ ಮೇಲೆದ್ದಿದ್ದರೆ ಅದು ಮಾಸ್ತಿಗಲ್ಲು. ಗಂಡನ ಚಿತೆ ಏರಿದವಳದ್ದು. ಮಗಳು ಆ ಕೈಯನ್ನು ನೋಡಿ "ಇವರು ಯಾರಿಗೆ ಟಾಟಾ ಮಾಡ್ತಿದಾರೆ ಅಪ್ಪಾ?" ಎಂದಾಗ ಏನು ಹೇಳಬೇಕೆಂದು ತೋಚದೆ, ಮನೆಗೆ ಹೋಗಿ ಹೇಳುತ್ತೇನೆಂದು ಜಾರಿಕೊಂಡೆ.

ಮಾವ ಮಾತ್ರ ಒಂದು ಕಲ್ಲಿನ ಮುಂದೆ ಕೊಡೆ ಹಿಡಿದು ಕುಕ್ಕರುಗಾಲಲ್ಲಿ ಕುಳಿತೇಬಿಟ್ಟರು. ಶಿಲ್ಪದ ಸೊಬಗು, ರಾಜವಂಶ, ಶತಮಾನ ಯಾವುದೂ ಅವರಿಗೆ ಬೇಕಿರಲಿಲ್ಲ. ಎಡಗೈಯ ಗುರಾಣಿ ಎದೆಯಿಂದ ಎಷ್ಟು ಮುಂದಿದೆ, ಮುಂಗಾಲು ಎಷ್ಟು ಮಡಿಚಿದೆ, ಎದುರಿಗೆ ಬಿಲ್ಲುಗಾರರು ಇರುವಾಗ ಇವನೊಬ್ಬನೇ ಕತ್ತಿ ಹಿಡಿದು ಯಾಕೆ ಮುಂದೆ ಬಂದ, ಹೀಗೆ ಒಂದೊಂದಾಗಿ ಬೆರಳು ತೋರಿಸುತ್ತಾ ಹೋದರು. "ಕೆತ್ತಿದವನು ಜಗಳ ಕಣ್ಣಾರೆ ನೋಡಿದಾನೆ. ನೋಡು, ಬಿದ್ದವನ ಮೇಲೆ ಕಾಲಿಡದೆ ದಾಟ್ತಿದಾನೆ" ಎಂದರು. ಅಷ್ಟು ವರ್ಷ ಓದಿಕೊಂಡಿದ್ದರೂ ಅದು ನನಗೆ ಕಂಡಿರಲಿಲ್ಲ.

ನಮ್ಮ ದೇಶದ ಬಹುತೇಕ ಸಂಗ್ರಹಾಲಯಗಳ ಫಲಕಗಳು ವಸ್ತು, ಕಾಲ, ಸ್ಥಳ ಇಷ್ಟನ್ನೇ ಹೇಳಿ ಸುಮ್ಮನಾಗುತ್ತವೆ. ಆದ್ದರಿಂದ ಇಲ್ಲಿಗೆ ಬರುವ ಮುನ್ನ ವೀರಗಲ್ಲುಗಳ ಬಗ್ಗೆ ನಾಲ್ಕು ಪುಟವಾದರೂ ಓದಿಕೊಂಡು ಬಂದರೆ ಅರ್ಧ ತಾಸಿನ ಭೇಟಿ ಎರಡು ತಾಸಿಗೆ ಬೆಳೆಯುತ್ತದೆ. ಮಕ್ಕಳಿದ್ದರೆ ಕಟ್ಟಡಕ್ಕಿಂತ ಮೊದಲು ಅಂಗಳ ತೋರಿಸುವುದು ಒಳ್ಳೆಯದು. ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ ಎಂಬುದನ್ನು ಮರೆಯಬೇಡಿ. ಆಯುಧಗಳ ದೊಡ್ಡ ಸಂಗ್ರಹ ನಿರೀಕ್ಷಿಸಿ ಬರುವವರಿಗೆ ಇದು ಹಿಡಿಸಲಿಕ್ಕಿಲ್ಲ. ಅಂಥವರು ಮಡಿಕೇರಿಯ 'ಸನ್ನಿ ಸೈಡ್'ಗೆ, 2021ರಲ್ಲಿ ಸಂಗ್ರಹಾಲಯವಾದ ಜನರಲ್ ತಿಮ್ಮಯ್ಯನವರ ಮನೆಗೆ, ಹೋಗುವುದು ಲೇಸು.

ಹೊರಬಂದಾಗ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕೋರ್ಪಲಯ್ಯನ ಛತ್ರದ ಬಳಿ ತುಂಗೆ ಕೆಂಪಾಗಿ ಹರಿಯುತ್ತಿದ್ದಳು, ನದಿಯೊಳಗಿನ ಮಂಟಪ ಮುಳುಗಿತೇ ಎಂದು ನೋಡಲು ಬಂದವರ ಗುಂಪಿನಲ್ಲಿ ನಾವೂ ನಿಂತೆವು. ಮುಳುಗಲು ಇನ್ನೂ ಒಂದೆರಡು ಅಡಿ ಬಾಕಿ ಇತ್ತು. ಮಾವ ನೀರನ್ನು ನೋಡುತ್ತಲೇ, ತಮ್ಮ ಗದ್ದೆಯ ಬದಿಯಲ್ಲಿ ಅಡ್ಡ ಬಿದ್ದಿರುವ, ಆಳುಗಳು ಕತ್ತಿ ಮಸೆಯುವ ಕಲ್ಲಿನ ಮೇಲೂ ಏನೋ ಕೆತ್ತಿದ ಹಾಗಿದೆ, ಮಳೆ ನಿಂತ ಮೇಲೆ ಬಂದು ನೋಡು ಎಂದರು.