ಬಾಣದ ಗರಿಗೆ ಆಕಾರ ಕೊಡುವ ಕಾದ ತಂತಿಯ ಯಂತ್ರ: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಮರದ ಬಾಣಗಳನ್ನು ಮನೆಯಲ್ಲೇ ಮಾಡಿಕೊಳ್ಳುವವರು ಗರಿಗೆ ಆಕಾರ ಕೊಡಲು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ತಗಡಿನ ಅಚ್ಚನ್ನು ಗರಿಯ ಮೇಲಿಟ್ಟು ಕತ್ತರಿಯಿಂದ ಕತ್ತರಿಸುವುದು ಒಂದು. ಬೇಕಾದ ಆಕಾರಕ್ಕೆ ಬಾಗಿಸಿದ ಬ್ಲೇಡಿರುವ ಚಾಪರ್‌ನಲ್ಲಿ ಗರಿಯನ್ನಿಟ್ಟು ಸುತ್ತಿಗೆಯಿಂದ ಒಂದೇಟು ಹಾಕುವುದು ಇನ್ನೊಂದು. ಗರಿಯನ್ನು ಬಾಣಕ್ಕೆ ಅಂಟಿಸಿದ ಮೇಲೆ, ಕೆಂಪಗೆ ಕಾದ ನೈಕ್ರೋಮ್ ತಂತಿಯ ಎದುರು ಬಾಣವನ್ನು ತಿರುಗಿಸಿ ಹೆಚ್ಚಾದ ಭಾಗವನ್ನು ಸುಟ್ಟು ತೆಗೆಯುವುದು ಮೂರನೆಯದು. ಮೈಸೂರಿನ ನಮ್ಮ ಮನೆಯ ಮಹಡಿಯ ಮೇಲೆ ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ಈ ಮೂರನೆಯ ಬಗೆಯ ಸಾಧನ, ಅಂದರೆ ಫೆದರ್ ಬರ್ನರ್. ಅಮೆರಿಕದಿಂದ ತರಿಸಿದ್ದು, ಸಾಗಣೆ ವೆಚ್ಚ, ಸುಂಕ ಎಲ್ಲ ಸೇರಿ ಮೂಲ ಬೆಲೆಯ ಹತ್ತಿರ ಹತ್ತಿರ ಎರಡರಷ್ಟು ತೆತ್ತಿದ್ದೇನೆ. ತಯಾರಕರ ಹೆಸರನ್ನು ಹೇಳುತ್ತಿಲ್ಲ, ಏಕೆಂದರೆ ಈ ಸಾಧನಗಳೆಲ್ಲ ಒಂದೇ ತತ್ತ್ವದ ಮೇಲೆ ನಡೆಯುತ್ತವೆ ಮತ್ತು ಇಲ್ಲಿ ಹೇಳುವ ಗುಣದೋಷಗಳಲ್ಲಿ ಬಹುಪಾಲು ಆ ತತ್ತ್ವಕ್ಕೇ ಸೇರಿದವು.

ಯಂತ್ರ ಎಂದು ಕರೆಯುವಷ್ಟು ದೊಡ್ಡದೇನೂ ಅಲ್ಲ. ಪೆಟ್ಟಿಗೆಯೊಳಗೆ ಒಂದು ಟ್ರಾನ್ಸ್‌ಫಾರ್ಮರ್, ಹೊರಗೆ ಎರಡು ಹಿತ್ತಾಳೆಯ ಕಂಬಗಳ ನಡುವೆ ಬಿಗಿದ ತಂತಿ, ಬಾಣವನ್ನು ಮಲಗಿಸಲು ಎರಡು ಆಸರೆಗಳು, ನಾಕ್, ಅಂದರೆ ಬಿಲ್ಲಿನ ಹೆದೆ ಕೂರುವ ಬಾಣದ ಹಿಂತುದಿಯ ಸೀಳು, ತಾಗಿ ನಿಲ್ಲಲು ಒಂದು ತಡೆ, ಒಂದು ಒತ್ತುಗುಂಡಿ, ಇಷ್ಟೇ. ಗುಂಡಿ ಒತ್ತಿದ ಕೆಲವು ಸೆಕೆಂಡುಗಳಲ್ಲಿ ತಂತಿ ಕೆಂಪಗಾಗುತ್ತದೆ, ಬಾಣವನ್ನು ಬೆರಳುಗಳ ನಡುವೆ ಒಂದು ಸುತ್ತು ತಿರುಗಿಸಿದರೆ ಮೂರು ಗರಿಗಳಿಗೂ ಆಕಾರ ಬಂದಿರುತ್ತದೆ.

ಈ ವಿಧಾನದ ನಿಜವಾದ ಹೆಚ್ಚುಗಾರಿಕೆ ವೇಗದಲ್ಲಿಲ್ಲ. ಕತ್ತರಿಯಲ್ಲಾಗಲಿ ಚಾಪರ್‌ನಲ್ಲಾಗಲಿ ಗರಿಗೆ ಆಕಾರ ಬರುವುದು ಅದು ಇನ್ನೂ ಬಿಡಿಯಾಗಿ, ಚಪ್ಪಟೆಯಾಗಿ ಇರುವಾಗ; ಅಂಟಿಸುವ ಕೆಲಸ ಆಮೇಲಿನದು. ಅಂಟಿಸುವಾಗ ಒಂದು ಗರಿ ನಾಕ್‌ನ ಕಡೆಗೆ ತುಸು ಜರುಗಿದರೂ, ಒಂದರ ಬುಡದ ದಂಟು ಮತ್ತೊಂದಕ್ಕಿಂತ ದಪ್ಪವಾಗಿದ್ದರೂ, ಬಾಣದ ಮೇಲೆ ಮೂರರ ಎತ್ತರ ಒಂದೇ ಆಗಿ ನಿಲ್ಲುವುದಿಲ್ಲ; ಹೆಲಿಕಲ್ ಕ್ಲ್ಯಾಂಪಿನಿಂದ ಗರಿಯನ್ನು ಕೋಲಿಗೆ ತುಸು ಸುತ್ತಿದಂತೆ ಕೂರಿಸುವವರಿಗೆ ಈ ವ್ಯತ್ಯಾಸ ಇನ್ನಷ್ಟು ಎದ್ದು ಕಾಣುತ್ತದೆ. ಬರ್ನರ್‌ನಲ್ಲಿ ತಂತಿ ನಿಂತಲ್ಲೇ ನಿಂತಿದ್ದು ತಿರುಗುವುದು ಬಾಣ ಮಾತ್ರ. ಚನ್ನಪಟ್ಟಣದ ಬೊಂಬೆಯವರು ತಿರುಗುವ ಮರಕ್ಕೆ ಉಳಿ ಹಿಡಿದಾಗ ಎಲ್ಲ ಮಗ್ಗುಲೂ ಒಂದೇ ಉರುಟಿಗೆ ಬರುವ ಹಾಗೆ, ಗರಿ ಹೇಗೇ ಅಂಟಿಕೊಂಡಿರಲಿ, ಅದರ ಅಂಚು ಕೋಲಿನ ನಡುಗೆರೆಯಿಂದ ತಂತಿ ಹೇಳಿದಷ್ಟೇ ದೂರದಲ್ಲಿ ಮುಗಿಯುತ್ತದೆ. ಒಂದು ಬತ್ತಳಿಕೆಯ ಬಾಣಗಳೆಲ್ಲ ಒಂದೇ ರೀತಿ ಹಾರಬೇಕೆಂದು ಬಯಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಇದೇ ಗುಣ ಕೋಲಿನ ಡೊಂಕನ್ನೂ ಬಯಲಿಗೆ ತರುತ್ತದೆ. ನಾನು ಬಳಸುವುದು 11/32 ಇಂಚಿನ, ಅಂದರೆ ಸುಮಾರು 8.7 ಮಿಲಿಮೀಟರ್ ದಪ್ಪದ ಪೈನ್ ಕೋಲುಗಳನ್ನು. ಮಳೆಗಾಲದಲ್ಲಿ ತೇವ ಹೀರಿಕೊಂಡು ಅವುಗಳಲ್ಲಿ ಕೆಲವು ಬಾಗುತ್ತವೆ. ಹಿಂತುದಿಯಲ್ಲಿ ಬಾಗಿದ ಕೋಲನ್ನು ಆಸರೆಯ ಮೇಲೆ ತಿರುಗಿಸಿದರೆ ಗರಿಯ ಭಾಗ ಒಮ್ಮೆ ತಂತಿಯ ಹತ್ತಿರಕ್ಕೂ ಒಮ್ಮೆ ದೂರಕ್ಕೂ ಹೋಗುತ್ತದೆ; ಆಗ ಒಂದು ಗರಿ ಗಿಡ್ಡವಾಗಿ, ಅದರ ಎದುರಿನದು ಎತ್ತರವಾಗಿ ಉಳಿಯುತ್ತದೆ. ಈ ದೋಷವನ್ನು ಯಂತ್ರದ ತಲೆಗೆ ಕಟ್ಟುವವರಿದ್ದಾರೆ, ಅದು ಸರಿಯಲ್ಲ. ಸುಡುವ ಮುನ್ನ ಕೋಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಉಬ್ಬಿದ ಕಡೆ ಅಂಗೈಯಿಂದ ಉಜ್ಜಿ ಬಿಸಿ ಮಾಡಿ ಹೆಬ್ಬೆರಳಿನಿಂದ ಒತ್ತಿ ನೇರ ಮಾಡಿಕೊಳ್ಳುವುದು ಬಾಣ ಮಾಡುವವನ ಕೆಲಸ.

ತಿರುಗಿಸುವ ಹದ ಕೈಗೆ ಹತ್ತಲು ಸ್ವಲ್ಪ ಸಮಯ ಬೇಕು. ಬೇಗ ತಿರುಗಿಸಿದರೆ ಗರಿ ತಂತಿಗೆ ಬೆನ್ನು ಕೊಟ್ಟು ಮಣಿಯುತ್ತದೆ, ಅಂಚು ಹಲ್ಲುಹಲ್ಲಾಗಿ ಉಳಿಯುತ್ತದೆ. ತೀರಾ ನಿಧಾನವಾದರೆ ಎಳೆಗಳ ತುದಿ ಕರಗಿ ಸಾಸಿವೆಗಿಂತ ಚಿಕ್ಕ ಕಪ್ಪು ಮಣಿಗಳಾಗಿ ಗಟ್ಟಿಯಾಗುತ್ತದೆ. ಸರಿಯಾದ ಹದದಲ್ಲಿ ಗರಿ ಚುರ್ ಎಂದು ಸದ್ದು ಮಾಡಿ ತೆಳುವಾದ ಕಪ್ಪು ಅಂಚನ್ನು ಮಾತ್ರ ಬಿಡುತ್ತದೆ, ಅದನ್ನು ಬೆರಳಿನಿಂದ ಮುಂದಿನಿಂದ ಹಿಂದಕ್ಕೆ ಸವರಿದರೆ ಮಸಿಯಂತೆ ಉದುರಿಹೋಗುತ್ತದೆ. ಹೀಗೆ ಸುಟ್ಟ ಅಂಚು ಕತ್ತರಿಸಿದ ಅಂಚಿಗಿಂತ ತುಸು ಬಿರುಸಾಗಿರುತ್ತದೆ, ಹುಲ್ಲಿನ ಗುರಿಗಂಟಿನಿಂದ ಬಾಣವನ್ನು ಮತ್ತೆ ಮತ್ತೆ ಎಳೆದು ತೆಗೆಯುವಾಗ ಬೇಗ ಬಿಡಿಬಿಡಿಯಾಗುವುದಿಲ್ಲ ಎಂಬುದು ನನ್ನ ಬಳಕೆಯಲ್ಲಿ ಕಂಡದ್ದು.

ಇನ್ನು ದೂರುಗಳು. ಮೊದಲನೆಯದು ವಿದ್ಯುತ್ತಿನದು. ಈ ಬರ್ನರ್ 120 ವೋಲ್ಟ್, 60 ಹರ್ಟ್ಸ್‌ಗೆಂದು ಮಾಡಿದ್ದು. ನಮ್ಮಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ನಡುವೆ ಒಂದು ಸ್ಟೆಪ್‌ಡೌನ್ ಇಟ್ಟರೆ ವೋಲ್ಟೇಜಿನ ಸಮಸ್ಯೆ ತೀರುತ್ತದೆ, ಆದರೆ 60 ಹರ್ಟ್ಸ್‌ಗೆ ಮಾಡಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಹಾಗಾಗಿ ಒಂದು ಡಜನ್ ಬಾಣಗಳನ್ನು ಒಂದೇ ಬೀಸಿಗೆ ಮುಗಿಸದೆ, ನಡುವೆ ಪೆಟ್ಟಿಗೆ ಆರಲು ಬಿಡಬೇಕಾಗುತ್ತದೆ. ಮಾರುವವರು ಇದನ್ನು ಎಲ್ಲಿಯೂ ತಿಳಿಸಿರಲಿಲ್ಲ; ಜೊತೆಗೆ ಬರಬೇಕಿದ್ದ ಹೆಚ್ಚುವರಿ ತಂತಿಯೂ ಬರಲಿಲ್ಲ, ಬರೆದ ಪತ್ರಗಳಿಗೆ ಉತ್ತರವೂ ಇಲ್ಲ. ಒತ್ತುಗುಂಡಿಯಂತೂ ಅಗ್ಗದ್ದು, ಎರಡನೆಯ ವರ್ಷಕ್ಕೇ ಕೈಕೊಟ್ಟಿತು. ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕ ಕರೆಗಂಟೆಯ ಗುಂಡಿಯೇ ಇಂದಿಗೂ ಕೆಲಸ ಮಾಡುತ್ತಿದೆ.

ಎರಡನೆಯದು ತಂತಿಯ ವಿಷಯ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಂತಿಗೆ ಸಿಗುವ ವೋಲ್ಟೇಜ್ ನಿಗದಿಯಾದದ್ದು. ನಾಲ್ಕು ಇಂಚಿನ ಗರಿಯ ಆಕಾರದಿಂದ ಐದೂವರೆ ಇಂಚಿನ ಆಕಾರಕ್ಕೆ ಬದಲಿಸಿದಾಗ ತಂತಿ ಉದ್ದವಾಗುತ್ತದೆ, ರೋಧ ಹೆಚ್ಚುತ್ತದೆ, ಹರಿಯುವ ವಿದ್ಯುತ್ತು ಕಡಿಮೆಯಾಗಿ ಕೆಂಪು ಮಂಕಾಗುತ್ತದೆ. ಸಂಜೆ ವೋಲ್ಟೇಜ್ ಇಳಿದಾಗಲೂ ಹೀಗೆಯೇ. ಮಂಕಾದ ತಂತಿ ಗರಿಯನ್ನು ಕತ್ತರಿಸುವ ಬದಲು ಬೇಯಿಸುತ್ತದೆ. ಇದಕ್ಕೆ ನಾನು ಕಂಡುಕೊಂಡ ಪರಿಹಾರ ಮುಂದೆ ಒಂದು ಸಣ್ಣ ವೇರಿಯಾಕ್, ಅಂದರೆ ವೋಲ್ಟೇಜನ್ನು ತಿರುಗುಗುಂಡಿಯಿಂದ ಹೆಚ್ಚುಕಡಿಮೆ ಮಾಡುವ ಟ್ರಾನ್ಸ್‌ಫಾರ್ಮರ್, ಜೋಡಿಸಿ ಬಣ್ಣ ನೋಡಿ ಹೊಂದಿಸಿಕೊಳ್ಳುವುದು. ಕಾದು ಆರಿ, ಕಾದು ಆರಿ ತಂತಿ ಕ್ರಮೇಣ ಜೋಲುತ್ತದೆ ಕೂಡ. ಆದ್ದರಿಂದ ಆಕಾರವನ್ನು ರಟ್ಟಿನ ಮೇಲೆ ಬರೆದಿಟ್ಟುಕೊಂಡು ಆಗಾಗ ತಂತಿಗೆ ಹಿಡಿದು ನೋಡಬೇಕು. ಪ್ಯಾರಬಾಲಿಕ್‌ನಂತಹ ನುಣುಪಾದ ಬಾಗುಗಳಿಗೆ ಇದು ಒಗ್ಗುತ್ತದೆ, ಆದರೆ ಹಿಂಭಾಗದಲ್ಲಿ ಚೂಪು ಮೂಲೆಯಿರುವ ಶೀಲ್ಡ್ ಆಕಾರವನ್ನು ತಂತಿಯಲ್ಲಿ ಅಚ್ಚುಕಟ್ಟಾಗಿ ಬಾಗಿಸುವುದು ಕಷ್ಟ, ಬಾಗಿಸಿದರೂ ಮೂಲೆ ಬೇಗ ಮೊಂಡಾಗುತ್ತದೆ. ಶೀಲ್ಡ್ ಬೇಕೆನ್ನುವವರು ಚಾಪರ್ ಕೊಳ್ಳುವುದೇ ಮೇಲು. ಶೀಲ್ಡ್ ಗರಿ ಹಾರುವಾಗ ಹೆಚ್ಚು ಸದ್ದು ಮಾಡುವುದರಿಂದ ನನಗೆ ಅದರ ಮೋಹವೂ ಇಲ್ಲ.

ವಾಸನೆಯನ್ನು ಹೇಳದಿದ್ದರೆ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಗರಿಯೂ ಕೂದಲಿನಂತೆ ಕೆರಾಟಿನ್‌ನಿಂದಾದದ್ದು, ಅದರಲ್ಲಿ ಗಂಧಕವಿದೆ; ಸುಟ್ಟಾಗ ಬರುವ ನಾತ ಪರದೆ ಬಟ್ಟೆಗಳಲ್ಲಿ ಸೇರಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಮನೆಯೊಳಗೆ ಈ ಕೆಲಸ ಸಾಧ್ಯವೇ ಇಲ್ಲ. ಮಹಡಿಯ ಮೇಲೆ ಮಾಡೋಣವೆಂದರೆ ಆಷಾಢದ ಗಾಳಿ ತಂತಿಯನ್ನು ತಣಿಸಿಬಿಡುತ್ತದೆ. ಮೂರು ಕಡೆ ತಗಡಿನ ಮರೆ ಕಟ್ಟಿಕೊಂಡ ಮೇಲೆ ಈ ತೊಂದರೆ ತಪ್ಪಿದೆ. ಅಂಟಿನ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗರಿಗೆ ಬಳಸುವ ದ್ರಾವಕದ ಅಂಟುಗಳ ಆವಿ ಬೆಂಕಿಗೆ ಬೇಗ ಹೊತ್ತಿಕೊಳ್ಳುವಂಥದ್ದು, ಆದ್ದರಿಂದ ಅಂಟಿಸಿ ಒಂದು ರಾತ್ರಿ ಕಳೆಯುವವರೆಗೆ ಬಾಣವನ್ನು ತಂತಿಯ ಹತ್ತಿರ ತರಬಾರದು, ಅಂಟಿನ ಟ್ಯೂಬ್ ಅದೇ ಮೇಜಿನ ಮೇಲೆ ಇರಲೂಬಾರದು.

ಯಾವ ಗರಿ ಎಂಬ ಪ್ರಶ್ನೆ ಮೈಸೂರು, ಮಂಡ್ಯದ ಕಡೆಯವರಿಂದ ಆಗಾಗ ಬರುತ್ತದೆ. ಟರ್ಕಿ ಕೋಳಿಯ ರೆಕ್ಕೆಯ ಉದ್ದ ಗರಿಗಳೇ ಸರಿ. ಮದ್ದೂರಿನ ಕಡೆ ಟರ್ಕಿ ಸಾಕುವವರೊಬ್ಬರಿಂದ ನಾನು ತರುತ್ತೇನೆ. ಒಂದು ಬಾಣಕ್ಕೆ ಮೂರೂ ಎಡ ರೆಕ್ಕೆಯವೋ ಮೂರೂ ಬಲ ರೆಕ್ಕೆಯವೋ ಆಗಿರಬೇಕು, ಬೆರೆಸಬಾರದು. ಪುರಾಣದ ಬಾಣಗಳಿಗೆ ಹದ್ದಿನ ಗರಿ ಇತ್ತೆಂದು ಓದಿ ಅಂಥವನ್ನೇ ಹುಡುಕುವ ಉತ್ಸಾಹಿಗಳೂ ಇದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಾಡಿನಲ್ಲಿ ಕಾಡುಹಕ್ಕಿಯ ಗರಿಗೆ ಕೈಹಾಕುವುದು ಬೇಡ. ನವಿಲು ಅದರ ಮೊದಲನೆಯ ಅನುಸೂಚಿಯಲ್ಲಿದೆ. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನ ನೆಲದ ಮೇಲೆ ಬಿದ್ದದ್ದನ್ನೂ ಅಲ್ಲೇ ಬಿಡುವುದು ಒಳ್ಳೆಯದು.

ವರ್ಷಕ್ಕೆ ಆರೋ ಏಳೋ ಬಾಣ ಮಾಡಿಕೊಳ್ಳುವವರಿಗೆ ತಗಡಿನ ಅಚ್ಚು ಮತ್ತು ಹರಿತವಾದ ಕತ್ತರಿ ಧಾರಾಳವಾಗಿ ಸಾಕು, ಈ ಯಂತ್ರ ದುಂದು. ಡಜನ್‌ಗಟ್ಟಲೆ ಮಾಡುವವರಿಗೆ, ಅದರಲ್ಲೂ ಹೆಲಿಕಲ್ ಗರಿ ಕಟ್ಟುವವರಿಗೆ, ನಾನು ಐದರಲ್ಲಿ ನಾಲ್ಕು ಅಂಕ ಕೊಟ್ಟು ಶಿಫಾರಸು ಮಾಡುತ್ತೇನೆ. ಕಳೆದ ಒಂದು ಅಂಕ ಗುಂಡಿಗೆ ಮತ್ತು ಮಾರಿದವರ ಮೌನಕ್ಕೆ. ಆದರೆ ಅಮೆರಿಕದ್ದನ್ನೇ ತರಿಸಬೇಕೆಂದೇನೂ ಇಲ್ಲ. ಶ್ರೀರಂಗಪಟ್ಟಣದ ಗೆಳೆಯರೊಬ್ಬರು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 230 ವೋಲ್ಟಿನಿಂದ ಸುಮಾರು ಮೂರು ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದನ್ನು, ಎರಡೂ ಸುರುಳಿಗಳು ಬೇರೆಬೇರೆಯಾಗಿ ಇರುವಂತೆ, ಸುತ್ತಿಸಿಕೊಂಡಿದ್ದಾರೆ. ಹೀಟರ್ ಕಾಯಿಲ್ ಮಾರುವಲ್ಲಿ ಒಂದು ಮಿಲಿಮೀಟರ್ ದಪ್ಪದ ನೈಕ್ರೋಮ್ ತಂತಿಯನ್ನು ಮೀಟರ್ ಲೆಕ್ಕದಲ್ಲಿ ಕೊಂಡು, ಆಸರೆಗಳನ್ನು ತೇಗದ ತುಂಡಿನಲ್ಲಿ ತಾವೇ ಕೊರೆದರು. ನೋಡಲು ಒರಟಾಗಿದ್ದರೂ ಅವರ ತಂತಿ ಒಂದು ಡಜನ್ ಬಾಣ ಮುಗಿಯುವವರೆಗೆ ಒಂದೇ ಬಣ್ಣದಲ್ಲಿ ಉರಿಯುತ್ತದೆ, ಪೆಟ್ಟಿಗೆಯನ್ನು ಆರಿಸಲು ನಡುವೆ ನಿಲ್ಲಿಸಬೇಕಾಗಿಲ್ಲ.