ಕಾಲು ಚಾಚುವ ಸೀಟಿಗೆ ಸಾವಿರ ರೂಪಾಯಿ: ಶಂಶಾಬಾದಿನಿಂದ ಬೆಂಗಳೂರಿಗೆ

ಬೀದರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗಬೇಕೆನ್ನುವವರಲ್ಲಿ ಅನೇಕರು ಇಂದಿಗೂ ಹೈದರಾಬಾದಿನ ಶಂಶಾಬಾದ್ ನಿಲ್ದಾಣವನ್ನೇ ನೆಚ್ಚಿಕೊಂಡಿದ್ದಾರೆ. ನಮ್ಮೂರಿನ ವಾಯುಪಡೆಯ ನೆಲೆಯಲ್ಲಿ 2020ರ ಫೆಬ್ರುವರಿಯಲ್ಲಿ ನಾಗರಿಕ ವಿಮಾನ ಸೇವೆ ಆರಂಭವಾದದ್ದು ನಿಜವಾದರೂ, ಅದು ನಡುವೆ ನಿಂತು ಮತ್ತೆ ಶುರುವಾದ ಇತಿಹಾಸ ಗೊತ್ತಿರುವವರು ಮದುವೆಗೋ ಆಸ್ಪತ್ರೆಗೋ ಕಚೇರಿಯ ಕೆಲಸಕ್ಕೋ ಹೊರಡುವಾಗ ದಿನಕ್ಕೆ ಹಲವು ವಿಮಾನಗಳಿರುವ ಶಂಶಾಬಾದಿನ ಕಡೆಗೇ ಕಾರು ತಿರುಗಿಸುತ್ತಾರೆ. ನಾನು ಈ ಸಲ ಅಲ್ಲಿಂದ ಬೆಂಗಳೂರಿಗೆ ಒಂದು ಅಗ್ಗದ ದರದ ಸಂಸ್ಥೆಯ ಏರ್‌ಬಸ್ ಎ320 ವಿಮಾನದಲ್ಲಿ, ಟಿಕೆಟ್ಟಿನ ಮೇಲೆ ಸುಮಾರು ಸಾವಿರ ರೂಪಾಯಿ ಹೆಚ್ಚು ಕೊಟ್ಟು, ತುರ್ತು ದ್ವಾರದ ಸಾಲಿನಲ್ಲಿ, ಕಾಲಿಗೆ ಹೆಚ್ಚು ಜಾಗವಿರುವ ಸೀಟಿನಲ್ಲಿ ಪ್ರಯಾಣಿಸಿದೆ. ಆರಡಿ ಮೀರಿದ ಎತ್ತರದವನಾದ ನನಗೆ ಸಾಮಾನ್ಯ ಸೀಟಿನಲ್ಲಿ ಮೊಳಕಾಲು ಮುಂದಿನವರ ಬೆನ್ನಿಗೆ ತಾಗುವುದು ಪ್ರತಿ ಪ್ರಯಾಣದ ಪಾಡಾಗಿದ್ದರಿಂದ, ಈ ಹಣಕ್ಕೆ ಏನು ಸಿಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕೆನಿಸಿತ್ತು.

ಸಿಗುವುದು ಜಾಗವೇ, ಅದರಲ್ಲಿ ಅನುಮಾನವಿಲ್ಲ. ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ ಇರುವ ಅಂತರ ಇಂಥ ವಿಮಾನಗಳ ಸಾಮಾನ್ಯ ಸಾಲುಗಳಲ್ಲಿ 28ರಿಂದ 30 ಇಂಚು. ನಾನು ಕುಳಿತ ಸಾಲಿನಲ್ಲಿ ಕಾಲನ್ನು ನೆಟ್ಟಗೆ ಚಾಚಿದರೂ ಪಾದ ಮುಂದಿನ ಸೀಟಿನ ಕೆಳಗಷ್ಟೇ ಹೋಗುತ್ತಿತ್ತು, ಮೊಳಕಾಲು ಯಾವುದಕ್ಕೂ ತಾಗುತ್ತಿರಲಿಲ್ಲ. ಕಿಟಕಿಯ ಬಳಿ ಇದ್ದವರು ಎದ್ದು ಹೋಗುವಾಗ ನಾನು ಏಳಬೇಕಾಗಲಿಲ್ಲ, ಕಾಲು ಮಡಿಸಿಕೊಂಡರೆ ಸಾಕಾಯಿತು. ಆದರೆ ಈ ಜಾಗವನ್ನು ಸಂಸ್ಥೆ ನಮ್ಮ ಸುಖಕ್ಕಾಗಿ ಬಿಟ್ಟಿದ್ದಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಅವಘಡವಾದಾಗ ಅರ್ಧದಷ್ಟು ದ್ವಾರಗಳನ್ನಷ್ಟೇ ಬಳಸಿ 90 ಸೆಕೆಂಡುಗಳ ಒಳಗೆ ಎಲ್ಲರೂ ಹೊರಬೀಳಲು ಸಾಧ್ಯವೆಂದು ವಿಮಾನ ತಯಾರಕರು ಸಾಬೀತು ಮಾಡಬೇಕಾಗುತ್ತದೆ. ಹಾಗಾಗಿ ರೆಕ್ಕೆಯ ಮೇಲೆ ತೆರೆಯುವ ತುರ್ತು ದ್ವಾರಗಳಿಗೆ ಹೋಗುವ ದಾರಿ ಕಾನೂನಿನ ಪ್ರಕಾರ ತೆರವಾಗಿಯೇ ಇರಬೇಕು. ಹೇಗಿದ್ದರೂ ಬಿಡಲೇಬೇಕಾದ ಜಾಗವನ್ನು ಸಂಸ್ಥೆಗಳು ಬೆಲೆ ಕಟ್ಟಿ ಮಾರುತ್ತಿವೆ. ವ್ಯಾಪಾರದ ಜಾಣತನವೆಂದು ಮೆಚ್ಚಬಹುದು, ಆದರೆ ಇದೊಂದು ವಿಶೇಷ ಸೌಲಭ್ಯ ಎಂದು ಬುಕಿಂಗ್ ಪುಟದಲ್ಲಿ ಬಣ್ಣಿಸುವುದು ನನಗೆ ಸ್ವಲ್ಪ ಹೆಚ್ಚೆನಿಸುತ್ತದೆ.

ಎ320ರಲ್ಲಿ ರೆಕ್ಕೆಯ ಮೇಲೆ ಪ್ರತಿ ಬದಿಗೆ ಎರಡು ತುರ್ತು ದ್ವಾರಗಳಿರುವುದರಿಂದ ಇಂಥ ಸಾಲುಗಳೂ ಒಂದರ ಹಿಂದೆ ಒಂದರಂತೆ ಎರಡಿರುತ್ತವೆ. ಎರಡೂ ಒಂದೇ ಎಂದು ತಿಳಿದು ಮುಂದಿನ ಸಾಲನ್ನು ಆರಿಸಬೇಡಿ. ಮುಂದಿನ ಸಾಲಿನ ಬೆನ್ನು ಹಿಂದಕ್ಕೆ ವಾಲಿದರೆ ಹಿಂದಿನ ದ್ವಾರದ ದಾರಿಗೆ ಅಡ್ಡವಾಗುತ್ತದೆಂಬ ಕಾರಣಕ್ಕೆ ಅದನ್ನು ವಾಲದಂತೆ ಬಿಗಿದಿರುತ್ತಾರೆ. ಹಿಂದಿನ ಸಾಲಿಗೆ ಆ ತೊಂದರೆಯಿಲ್ಲ, ಮುಂದಿನ ಸೀಟು ನಮ್ಮ ಮೇಲೆ ವಾಲುವ ಭಯವೂ ಇಲ್ಲ. ಬೆಲೆ ಒಂದೇ ಇದ್ದರೆ ಹಿಂದಿನದನ್ನೇ, ಅದರಲ್ಲೂ ನಡೆದಾಡುವ ದಾರಿಯ ಪಕ್ಕದ ಸೀಟನ್ನೇ ಹಿಡಿಯುವುದು ಲೇಸು.

ಈ ಸೀಟಿನ ಜೊತೆಗೆ ಒಂದು ಹೊಣೆಯೂ ಬರುತ್ತದೆ. ವಿಮಾನ ಹೊರಡುವ ಮುನ್ನ ಗಗನಸಖಿ ಬಂದು, ಅಗತ್ಯ ಬಿದ್ದರೆ ದ್ವಾರ ತೆರೆಯಲು ಸಿದ್ಧರಿದ್ದೀರಾ ಎಂದು ಪ್ರತಿಯೊಬ್ಬರನ್ನೂ ಕೇಳಿ, ಬಾಯಿಬಿಟ್ಟು ಹೌದೆನ್ನುವವರೆಗೆ ಮುಂದೆ ಹೋಗುವುದಿಲ್ಲ. ತಲೆಯಾಡಿಸಿದರೆ ಸಾಲದು. ದ್ವಾರವೆಂದರೆ ಸುಮಾರು 15 ಕಿಲೋ ತೂಕದ ಫಲಕ, ಅದನ್ನು ಕಿತ್ತು ಹೊರಗೆಸೆಯುವ ತೋಳ್ಬಲ ಇರಬೇಕು. ಆದ್ದರಿಂದಲೇ ಮಕ್ಕಳಿಗೆ, ಗರ್ಭಿಣಿಯರಿಗೆ, ಕೂಸನ್ನು ಎತ್ತಿಕೊಂಡವರಿಗೆ, ಕೈಕಾಲು ಆಡಿಸಲು ಕಷ್ಟವಿರುವವರಿಗೆ ಇಲ್ಲಿ ಅವಕಾಶವಿಲ್ಲ. ಸಿಬ್ಬಂದಿಯ ಸೂಚನೆ ಅರ್ಥವಾಗಬೇಕೆಂಬ ನಿಯಮವೂ ಇದೆ. ನನಗೆ ಸಿಕ್ಕ ವಿವರಣೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಉರ್ದು, ಮರಾಠಿ, ತೆಲುಗುಗಳ ನಡುವೆ ಬೆಳೆದ ಬೀದರಿನವರಿಗೆ ಇದು ತೊಡಕಾಗಲಾರದು, ಆದರೆ ಬೆಂಗಳೂರಿಗೆ ಹೋಗುವ ವಿಮಾನದಲ್ಲಿ ಜೀವ ಉಳಿಸುವ ಮಾತು ಕನ್ನಡದಲ್ಲಿಯೂ ಇರಬೇಕಿತ್ತೆಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಕಿರಿಕಿರಿಯೆಂದರೆ ಕೈಚೀಲದ್ದು. ಹಾರುವಾಗ ಮತ್ತು ಇಳಿಯುವಾಗ ಈ ಸಾಲಿನ ನೆಲದ ಮೇಲೆ ಯಾವುದನ್ನೂ ಇಡುವಂತಿಲ್ಲ, ಎಲ್ಲವೂ ತಲೆಯ ಮೇಲಿನ ಗೂಡಿಗೆ ಹೋಗಬೇಕು. ತಡವಾಗಿ ಹತ್ತಿದ ನನ್ನ ಚೀಲಕ್ಕೆ ನನ್ನ ತಲೆಯ ಮೇಲೆ ಜಾಗವಿರದೆ ಕೆಲವು ಸಾಲು ಹಿಂದೆ ಇಡಬೇಕಾಯಿತು, ಇಳಿಯುವಾಗ ಜನಪ್ರವಾಹಕ್ಕೆ ಎದುರಾಗಿ ಹೋಗಿ ತರುವುದು ಸಾಧ್ಯವಾಗದೆ ಎಲ್ಲರೂ ಖಾಲಿಯಾಗುವವರೆಗೆ ಕಾಯಬೇಕಾಯಿತು.

ಉದ್ದ ಹೆಚ್ಚಿದೆಯೇ ಹೊರತು ಅಗಲ ಹೆಚ್ಚಿಲ್ಲ. ಸಾಲಿಗೆ ಮೂರು ಮೂರರಂತೆ ಆರು ಸೀಟು ಇಲ್ಲಿಯೂ ಅಷ್ಟೇ, ಮೊಳಕೈ ಜಗಳವೂ ಅಷ್ಟೇ. ಆದ್ದರಿಂದ ಈ ಸಾಲಿನ ನಡುವಿನ ಸೀಟಿಗೆ ಹಣ ಕೊಡುವುದು ನನ್ನ ದೃಷ್ಟಿಯಲ್ಲಿ ದಂಡ. ಕಿಟಕಿ ಬೇಕೆನ್ನುವವರಿಗೂ ನಿರಾಸೆ ಕಾದಿದೆ, ಏಕೆಂದರೆ ಕೆಳಗೆ ನೋಡಿದರೆ ಕಾಣುವುದು ಬಹುಪಾಲು ರೆಕ್ಕೆ. ಕೃಷ್ಣೆಯನ್ನು ದಾಟುವಾಗ ಹೊಳೆ ನೋಡಬೇಕೆಂದು ಕತ್ತು ಚಾಚಿದವರಿಗೆ ಬಿಳಿ ತಗಡೇ ಗತಿ. ರೆಕ್ಕೆಯ ಹತ್ತಿರ ವಿಮಾನದ ಓಲಾಟ ಬಾಲದ ಕಡೆಗಿಂತ ಕಡಿಮೆ ಎಂಬುದು ಮಾತ್ರ ಲಾಭದ ಮಾತು. ಮೋಡದಲ್ಲಿ ಕುಲುಕಿದರೆ ಹೊಟ್ಟೆ ತೊಳಸುವವರು ಇದನ್ನು ಗಮನಿಸಬಹುದು.

ಇನ್ನು ಹೊತ್ತಿನ ಲೆಕ್ಕ. ಪಕ್ಕದಲ್ಲಿ ಕುಳಿತಿದ್ದ ಹುಮನಾಬಾದಿನ ಹಿರಿಯರೊಬ್ಬರು ಬೆಲೆ ಕೇಳಿ, ತಮ್ಮ ಮಗ ತಮಗೆ ಹೇಳದೆಯೇ ಅಷ್ಟೇ ಕೊಟ್ಟಿದ್ದಾನೆಂದು ತಿಳಿದು, "ಒಂದ್ ತಾಸಿನ ಸಲುವಾಗಿ ಇಷ್ಟ ರೊಕ್ಕ ಏನ್ರಿ?" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದು. ವೇಳಾಪಟ್ಟಿಯಲ್ಲಿ ತಾಸೂಕಾಲು ಎಂದಿದ್ದರೂ ಗಾಳಿಯಲ್ಲಿರುವುದು ಒಂದು ತಾಸಿನ ಆಸುಪಾಸು. ಅದಕ್ಕೆ ಮೊದಲು ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೊರವರ್ತುಲ ರಸ್ತೆ ಹಿಡಿದು ಶಂಶಾಬಾದ್ ಮುಟ್ಟಲು ಮೂರು ತಾಸು ಕಾರಿನಲ್ಲಿ ಮಡಚಿಕೊಂಡು ಕುಳಿತಿರುತ್ತೇವೆ, ಆಮೇಲೆ ದೇವನಹಳ್ಳಿಯಿಂದ ಬೆಂಗಳೂರಿನ ಒಳಗೆ ಹೋಗುವ ಟ್ರಾಫಿಕ್ ಬೇರೆ. ಇಡೀ ಪ್ರಯಾಣದಲ್ಲಿ ಕಾಲಿಗೆ ಅತ್ಯಂತ ಕಡಿಮೆ ಹೊತ್ತು ಕಷ್ಟ ಕೊಡುವ ಭಾಗಕ್ಕೇ ನಾವು ಅತ್ಯಂತ ಹೆಚ್ಚು ಪರಿಹಾರ ಕೊಳ್ಳುತ್ತಿದ್ದೇವೆ. ನನ್ನಷ್ಟು ಎತ್ತರವಿಲ್ಲದವರು ಅದೇ ಹಣವನ್ನು ಶಂಶಾಬಾದಿಗೆ ದೊಡ್ಡ ಕಾರು ಗೊತ್ತು ಮಾಡಲು ಬಳಸಿದರೆ ಮೊಳಕಾಲು ಹೆಚ್ಚು ಹರಸುತ್ತದೆ. ನನ್ನ ಎತ್ತರದವರಿಗೆ ನಾನು ಬೇಡವೆನ್ನಲಾರೆ, ಸಾವಿರದ ಒಳಗಿದ್ದರೆ ಕೊಳ್ಳಿ, ಮೀರಿದರೆ ಬಿಡಿ.

ಮೊಳಕಾಲು ನೋವಿನ ಹಿರಿಯರಿಗಾಗಿ ಇದನ್ನು ಕೊಳ್ಳುವ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಕಾಲು ಚಾಚುವ ಅಗತ್ಯ ಯಾರಿಗೆ ಹೆಚ್ಚೋ ಅವರನ್ನೇ ತುರ್ತು ದ್ವಾರದ ಸಾಲಿನಿಂದ ಎಬ್ಬಿಸಿ ಬೇರೆಡೆ ಕೂರಿಸುವ ಹಕ್ಕು ಸಿಬ್ಬಂದಿಗಿದೆ. ಅಂಥವರಿಗೆ ಉಳಿದಿರುವುದು ಮೊದಲ ಸಾಲು. ಅಲ್ಲಿ ಎದುರಿಗೆ ಗೋಡೆಯಿರುವುದರಿಂದ ಕಾಲು ಪೂರ್ತಿ ಚಾಚಲಾಗದು, ಊಟದ ಹಲಗೆಯನ್ನು ತೋಳಾಸರೆಯೊಳಗೆ ಮಡಚಿಟ್ಟಿರುವುದರಿಂದ ಆ ತೋಳಾಸರೆ ಮೇಲೇಳುವುದಿಲ್ಲ, ಸೀಟೂ ತುಸು ಇಕ್ಕಟ್ಟು. ಆದರೆ ಬಾಗಿಲು ಹತ್ತಿರ, ಇಳಿಯಲು ಸರದಿಯಲ್ಲಿ ನಿಲ್ಲಬೇಕಿಲ್ಲ, ಶೌಚಾಲಯಕ್ಕೆ ಎರಡು ಹೆಜ್ಜೆ. ವಯಸ್ಸಾದವರಿಗೆ ಬೇಕಾದದ್ದು ಇಂಚುಗಳಿಗಿಂತ ಇದೇ ಎಂದು ನನಗನ್ನಿಸುತ್ತದೆ.

ಹಣ ಕಟ್ಟುವ ಮೊದಲು ವಿಮಾನ ಯಾವುದೆಂದು ಬುಕಿಂಗ್ ಪುಟದಲ್ಲಿ ನೋಡಿಕೊಳ್ಳಿ. ಹತ್ತಿರದ ಊರುಗಳಿಗೆ ಹಾರುವ ಪಂಖದ ಎ.ಟಿ.ಆರ್. 72 ಆಗಿದ್ದರೆ ಸಾಲಿಗೆ ನಾಲ್ಕೇ ಸೀಟು, ನಡುವಿನ ಸೀಟಿನ ಗೋಳೇ ಇಲ್ಲ. ಆದರೆ ಪ್ರಯಾಣಿಕರು ಹತ್ತಿ ಇಳಿಯುವ ಬಾಗಿಲು ಅದರಲ್ಲಿ ಹಿಂಬದಿಗಿರುವುದರಿಂದ, ಬೇಗ ಇಳಿಯಬಹುದೆಂದು ಮೊದಲ ಸಾಲಿಗೆ ಹೆಚ್ಚು ಕೊಟ್ಟವರು ಎಲ್ಲರಿಗಿಂತ ಕೊನೆಗೆ ಇಳಿಯುತ್ತಾರೆ.