ತಲೆನೋವಿಗೆ ಕೈಚಿಕಿತ್ಸೆಯೋ, ವ್ಯಾಯಾಮವೋ?

ಮೈಸೂರಿನ ಕಚೇರಿಗಳಲ್ಲಿ ದಿನವಿಡೀ ಕಂಪ್ಯೂಟರಿಗೆ ಕತ್ತು ಚಾಚಿ ಕೂರುವವರಾಗಲಿ, ಮಂಡ್ಯದ ಗದ್ದೆಗಳಲ್ಲಿ ಕಬ್ಬಿನ ಹೊರೆ ಹೊರುವವರಾಗಲಿ, ಫಿಸಿಯೋಥೆರಪಿಗೆ ಹೋಗುವ ಮೊದಲು ತಲೆನೋವಿನ ಮೂಲವನ್ನು ವೈದ್ಯರಿಂದ ತಿಳಿದುಕೊಳ್ಳಬೇಕು.

ಹಣೆಯ ಸುತ್ತ ಪಟ್ಟಿ ಬಿಗಿದಂತೆ ಎರಡೂ ಬದಿ ಒತ್ತುವುದು ಸಾಮಾನ್ಯವಾಗಿ ಸ್ನಾಯುಬಿಗಿತದ ತಲೆನೋವು. ಕತ್ತಿನಲ್ಲಿ ಹುಟ್ಟಿ ಒಂದೇ ಬದಿಯಲ್ಲಿ ಕಣ್ಣಿನವರೆಗೆ ಹರಡುವ, ಕತ್ತು ಹೊರಳಿಸಿದಾಗ ಹೆಚ್ಚುವ ನೋವಿಗೆ ಮೇಲಿನ ಕತ್ತಿನ ಕೀಲುಗಳು ಕಾರಣವಾಗಿರಬಹುದು. ಫಿಸಿಯೋಥೆರಪಿ ಚೆನ್ನಾಗಿ ಫಲಿಸುವುದು ಇಲ್ಲಿಯೇ. ವಾಕರಿಕೆಯೊಡನೆ 4ರಿಂದ 72 ಗಂಟೆ ಮಿಡಿಯುವ ಮೈಗ್ರೇನಿಗೆ ಅದು ಔಷಧಕ್ಕೆ ಪೂರಕ ಮಾತ್ರ.

ಫಿಸಿಯೋಥೆರಪಿಯಲ್ಲಿ ಇದಕ್ಕೆ ಎರಡು ದಾರಿ, ಕೈಚಿಕಿತ್ಸೆ ಮತ್ತು ವ್ಯಾಯಾಮ. ಪರಿಣತರು ಕತ್ತಿನ ಕೀಲುಗಳನ್ನು ಮೆಲ್ಲಗೆ ಸಡಿಲಿಸುವ ಕೈಚಿಕಿತ್ಸೆ ಬೇಗ ಹಗುರವೆನಿಸಿದರೂ ಅದಕ್ಕಾಗಿ ಮತ್ತೆ ಮತ್ತೆ ಹೋಗಬೇಕು, ಖರ್ಚೂ ಹೆಚ್ಚು. ವ್ಯಾಯಾಮಕ್ಕೆ ಹಲವು ವಾರಗಳ ತಾಳ್ಮೆ ಬೇಕು: ನೆಟ್ಟಗೆ ಕುಳಿತು, ದೃಷ್ಟಿ ಎದುರಿಗಿಟ್ಟು, ಗಲ್ಲವನ್ನು ಹಿಂದಕ್ಕೆಳೆದು 5 ಸೆಕೆಂಡು ಹಿಡಿದು ಬಿಡುವುದು, ಹೀಗೆ 10 ಬಾರಿ. ಎರಡನ್ನೂ ಕೂಡಿಸಲಾಗದಿದ್ದರೆ ವ್ಯಾಯಾಮವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಕ್ಷೌರದಂಗಡಿಯಲ್ಲಿ ಕತ್ತಿಗೆ ಲಟಿಕೆ ತೆಗೆಸಿಕೊಳ್ಳುವುದನ್ನು ಮಾತ್ರ ದಯವಿಟ್ಟು ಬಿಡಿ. ಮಿದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಬಹುದು.

ಹಠಾತ್ತನೆ ಸಿಡಿದಂತೆ ನೋವು ಬಂದರೆ, ಜ್ವರದೊಡನೆ ಕತ್ತು ಸೆಟೆದುಕೊಂಡರೆ ಅಥವಾ ಮಾತು ತೊದಲಿದರೆ ಕೈಚಿಕಿತ್ಸೆಯೂ ಬೇಡ, ವ್ಯಾಯಾಮವೂ ಬೇಡ; ಕೂಡಲೇ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.